ಆಕಾಶದ ಗುರುತಿಲ್ಲದ ಬೆಳಕು, ಸರ್ಕಾರದ ಮುಚ್ಚಿದ ಕಡತ: ತನಿಖೆ ನಡೆಸುವ ಕ್ರಮ

ಆಕಾಶದಲ್ಲಿ ವಿಚಿತ್ರವಾದುದೇನನ್ನೋ ಕಂಡ ಓದುಗರು ಬರೆದು ಕೇಳುವ ಪ್ರಶ್ನೆಗಳು ಬಹುಪಾಲು ಎರಡೇ. ನಾನು ಕಂಡದ್ದು ಏನು ಎಂಬುದು ಮೊದಲನೆಯದು. ಸರ್ಕಾರಕ್ಕೆ ಅದರ ವಿಷಯ ಗೊತ್ತಿದ್ದೂ ನಮ್ಮಿಂದ ಮುಚ್ಚಿಡುತ್ತಿದೆಯೇ ಎಂಬುದು ಎರಡನೆಯದು. ಹೆಚ್ಚಿನವರು ಎರಡನ್ನೂ ಒಂದೇ ಉಸಿರಿನಲ್ಲಿ ಕೇಳುತ್ತಾರೆ. ಒಂದಕ್ಕೆ ಉತ್ತರ ಸಿಕ್ಕರೆ ಇನ್ನೊಂದಕ್ಕೂ ಸಿಕ್ಕಂತಾಯಿತು ಎಂದು ಭಾವಿಸುತ್ತಾರೆ. ಈ ಮಾರ್ಗದರ್ಶಿ ಎರಡು ಪ್ರಶ್ನೆಗಳನ್ನೂ ಬೇರೆ ಬೇರೆಯಾಗಿಯೇ ನಡೆಸಿಕೊಂಡು ಹೋಗುತ್ತದೆ.

ಹಾಗೇಕೆ ಎಂಬುದಕ್ಕೆ ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ರಾಸ್ವೆಲ್ ಪ್ರಕರಣವೇ ಸಾಕು. 1947ರ ಜುಲೈ 8ರಂದು ಅಲ್ಲಿನ ಸೇನಾ ವಾಯುನೆಲೆಯು ತನಗೆ 'ಹಾರುವ ತಟ್ಟೆ' ಸಿಕ್ಕಿದೆ ಎಂದು ಪತ್ರಿಕಾ ಹೇಳಿಕೆ ಕೊಟ್ಟಿತು. ಕೆಲವೇ ಗಂಟೆಗಳಲ್ಲಿ ಅದು ಬರೀ ಹವಾಮಾನ ಬಲೂನು ಎಂದು ಮೇಲಧಿಕಾರಿಗಳು ತಿದ್ದಿದರು. ಅಮೆರಿಕದ ವಾಯುಪಡೆಯು 1994ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಆ ಅವಶೇಷ ಬಹುಮಟ್ಟಿಗೆ 'ಮೊಗುಲ್' ಎಂಬ ಅತಿ ಗೌಪ್ಯ ಯೋಜನೆಯದ್ದು. ಸೋವಿಯತ್ ಒಕ್ಕೂಟದ ಅಣುಸ್ಫೋಟಗಳ ಸದ್ದನ್ನು ಮೇಲಿನ ವಾಯುಮಂಡಲದಲ್ಲಿ ಆಲಿಸುವುದಕ್ಕಾಗಿ ಉಪಕರಣಗಳನ್ನು ಕಟ್ಟಿ ಹಾರಿಬಿಟ್ಟ ಬಲೂನುಗಳ ಸರಮಾಲೆ ಅದು. ಎಂದರೆ ಸರ್ಕಾರ ಮುಚ್ಚಿಟ್ಟಿತ್ತು ಎಂದು ಶಂಕಿಸಿದವರ ಶಂಕೆ ನಿಜವಾಗಿತ್ತು, ಆದರೆ ಮುಚ್ಚಿಟ್ಟದ್ದು ಅವರು ಊಹಿಸಿದ್ದನ್ನಲ್ಲ. ಗೌಪ್ಯತೆ ಇದೆ ಎಂಬುದನ್ನು ಸಾಬೀತುಪಡಿಸುವುದು ಒಂದು ಕೆಲಸ. ಗೌಪ್ಯವಾಗಿರುವುದು ಏನು ಎಂಬುದನ್ನು ಸಾಬೀತುಪಡಿಸುವುದು ಇನ್ನೊಂದು ಕೆಲಸ.

ಪದಬಳಕೆಯ ಬಗ್ಗೆ ಒಂದು ಮಾತು. ಯುಎಫ್‌ಒ ಎಂದರೆ ಗುರುತಿಸಲಾಗದ ಹಾರುವ ವಸ್ತು, ಅಷ್ಟೇ. ಅನ್ಯಗ್ರಹದ ವಾಹನ ಎಂಬ ಅರ್ಥ ಅದಕ್ಕಿಲ್ಲ. ಈಚಿನ ವರ್ಷಗಳಲ್ಲಿ ಅಮೆರಿಕದ ದಾಖಲೆಗಳು ಯುಎಪಿ ಎಂಬ ಹೆಸರನ್ನು ಬಳಸುತ್ತವೆ. ಗುರುತಿಸಲಾಗದ ಅಸಹಜ ವಿದ್ಯಮಾನ ಎಂದು ಅದರ ಅರ್ಥ. ದಾಖಲೆ ಹುಡುಕುವಾಗ ಎರಡೂ ಹೆಸರುಗಳಲ್ಲಿ ಹುಡುಕಬೇಕು.

ಬೇಕಾದ ಸಾಮಗ್ರಿ

ದುಬಾರಿ ಉಪಕರಣ ಯಾವುದೂ ಬೇಡ. ಒಂದು ನೋಟ್‌ಬುಕ್, ದಿಕ್ಸೂಚಿ (ಫೋನಿನದ್ದಾದರೂ ಸರಿ), ನಿರ್ದಿಷ್ಟ ದಿನ ಮತ್ತು ಸ್ಥಳದ ಆಕಾಶವನ್ನು ತೋರಿಸುವ ಸ್ಟೆಲೇರಿಯಂ ಎಂಬ ಉಚಿತ ತಂತ್ರಾಂಶ, ಉಪಗ್ರಹಗಳು ಹಾದುಹೋಗುವ ವೇಳೆಯನ್ನು ತಿಳಿಸುವ ಹೆವೆನ್ಸ್-ಅಬೋವ್ ಜಾಲತಾಣ, ವಿಮಾನಗಳ ಹಾದಿ ತೋರಿಸುವ ಫ್ಲೈಟ್‌ರೇಡಾರ್24 ಇದ್ದರೆ ಸಾಕು. ಕಡತಗಳ ಭಾಗಕ್ಕೆ ಬೇಕಾದದ್ದು ಅಂಚೆ ವೆಚ್ಚ ಮತ್ತು ತಿಂಗಳುಗಟ್ಟಲೆ ಕಾಯುವ ತಾಳ್ಮೆ.

ಹಂತ 1: ಕಂಡದ್ದನ್ನು ಆ ಕೂಡಲೇ ಬರೆದಿಡಿ

ಯಾರೊಡನೆಯೂ ಚರ್ಚಿಸುವ ಮೊದಲು, ಅಂತರ್ಜಾಲದಲ್ಲಿ ಹುಡುಕುವ ಮೊದಲು, ಕಂಡದ್ದನ್ನು ಬರೆಯಿರಿ. ದಿನಾಂಕ, ಆರಂಭದ ಮತ್ತು ಮುಗಿದ ವೇಳೆ, ನಿಂತ ಸ್ಥಳ, ವಸ್ತು ಮೊದಲು ಕಂಡ ದಿಕ್ಕು, ಮರೆಯಾದ ದಿಕ್ಕು, ಬಣ್ಣ, ಸದ್ದು, ಮೋಡದ ಸ್ಥಿತಿ ಇಷ್ಟೂ ಇರಲಿ. 'ಅದು ತಟ್ಟೆಯಂತಿತ್ತು' ಎಂದು ತೀರ್ಮಾನ ಬರೆಯುವುದಕ್ಕಿಂತ 'ಅಂಡಾಕಾರದ ಬಿಳಿ ಬೆಳಕು, ಅಂಚು ಸ್ಪಷ್ಟವಿರಲಿಲ್ಲ' ಎಂದು ಕಣ್ಣಿಗೆ ಬಿದ್ದದ್ದನ್ನು ಮಾತ್ರ ಬರೆಯುವುದು ಲೇಸು. ಒಂದು ಚಿತ್ರವನ್ನೂ ಬಿಡಿಸಿ. ಎಷ್ಟೇ ಒರಟಾಗಿದ್ದರೂ ಅಡ್ಡಿಯಿಲ್ಲ.

ಇಲ್ಲಿ ಹೆಚ್ಚಿನವರು ಎಡವುವುದು ವೇಳೆಯಲ್ಲಿ. ಸುಮಾರು ಎಂಟು ಗಂಟೆ ಎಂದು ಬರೆದರೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ, ಏಕೆಂದರೆ ಉಪಗ್ರಹವೊಂದು ಆಕಾಶವನ್ನು ದಾಟಲು ಕೆಲವೇ ನಿಮಿಷ ಸಾಕು. ಫೋನಿನ ಗಡಿಯಾರ ನೋಡಿ ನಿಮಿಷದವರೆಗೆ ಬರೆಯಿರಿ. ಅಂತರರಾಷ್ಟ್ರೀಯ ದತ್ತಾಂಶಗಳು ಯುಟಿಸಿ ಎಂಬ ಜಾಗತಿಕ ಸಮಯದಲ್ಲಿರುತ್ತವೆ. ಭಾರತೀಯ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಈ ವ್ಯತ್ಯಾಸವನ್ನು ಮರೆತು ತಪ್ಪು ದಿನಾಂಕದ ಆಕಾಶವನ್ನು ಹುಡುಕುವವರು ಕಡಿಮೆಯೇನಿಲ್ಲ.

ಹಂತ 2: ಚಿತ್ರ ಮತ್ತು ವಿಡಿಯೊದ ಮೂಲ ಪ್ರತಿಯನ್ನು ಕಾಪಾಡಿ

ಫೋನು ತೆಗೆದ ಪ್ರತಿ ಚಿತ್ರದೊಳಗೆ ಅದನ್ನು ತೆಗೆದ ವೇಳೆ, ಲೆನ್ಸಿನ ವಿವರ, ಕೆಲವೊಮ್ಮೆ ಸ್ಥಳವೂ ದಾಖಲಾಗಿರುತ್ತದೆ. ಇದನ್ನು ಮೆಟಾಡೇಟಾ ಎನ್ನುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳುಹಿಸಿದ ಕೂಡಲೇ ಈ ವಿವರ ಅಳಿಸಿಹೋಗಿ, ಗುಣಮಟ್ಟವೂ ತಗ್ಗುತ್ತದೆ. ಆದ್ದರಿಂದ ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಿ, ಮೂಲವನ್ನು ಬೇರೆ ಕಡೆಯೂ ನಕಲು ಮಾಡಿಡಿ. ಬೆಳಕು ಹೆಚ್ಚಿಸುವುದು, ಕತ್ತರಿಸುವುದು ಏನೇ ಇದ್ದರೂ ನಕಲಿನ ಮೇಲೆ ಮಾಡಿ.

ಚಿತ್ರೀಕರಿಸುವಾಗ ಝೂಮ್ ಮಾಡುವ ಆತುರ ಬೇಡ. ಮರ, ಕಟ್ಟಡ, ವಿದ್ಯುತ್ ಕಂಬ ಯಾವುದಾದರೊಂದು ಚೌಕಟ್ಟಿನಲ್ಲಿದ್ದರೆ ಮಾತ್ರ ಮುಂದೆ ದಿಕ್ಕು ಮತ್ತು ಚಲನೆಯನ್ನು ಅಳೆಯಬಹುದು. ಕಪ್ಪು ಆಕಾಶದ ನಡುವೆ ಪೂರ್ತಿ ಝೂಮ್ ಮಾಡಿದ ಒಂದು ಬೆಳಕಿನ ಚುಕ್ಕೆ ಫೋಕಸ್ ತಪ್ಪಿ ದೊಡ್ಡ ಬಿಲ್ಲೆಯಂತೆ ಕಾಣುತ್ತದೆ, ಅದರೊಳಗೆ ಗೆರೆ ಮತ್ತು ಉಂಗುರಗಳೂ ಮೂಡುತ್ತವೆ. ಆ ಆಕಾರ ಲೆನ್ಸಿನದ್ದೇ ಹೊರತು ವಸ್ತುವಿನದ್ದಲ್ಲ. ಹಾರುವ ತಟ್ಟೆಯದ್ದೆಂದು ಹರಿದಾಡುವ ವಿಡಿಯೊಗಳಲ್ಲಿ ಅನೇಕವು ಹೀಗೆ ಹಿಗ್ಗಿದ ಶುಕ್ರಗ್ರಹದ ವಿಡಿಯೊಗಳು.

ಹಂತ 3: ಕೋನವನ್ನು ಅಳೆಯಿರಿ, ದೂರವನ್ನು ಊಹಿಸಬೇಡಿ

ಇಡೀ ತನಿಖೆಯಲ್ಲಿ ಅತಿ ಹೆಚ್ಚು ತಪ್ಪುಗಳಾಗುವುದು ಇಲ್ಲಿ. 'ಬಸ್ಸಿನಷ್ಟು ದೊಡ್ಡದಿತ್ತು, ಗಂಟೆಗೆ ಎರಡು ಸಾವಿರ ಕಿಲೋಮೀಟರ್ ವೇಗದಲ್ಲಿ ಹೋಯಿತು' ಎಂದು ಹೇಳುವವರನ್ನು ಅದು ಎಷ್ಟು ದೂರದಲ್ಲಿತ್ತೆಂದು ಕೇಳಿದರೆ ಉತ್ತರವಿರುವುದಿಲ್ಲ. ದೂರ ತಿಳಿಯದೆ ಗಾತ್ರವೂ ತಿಳಿಯದು, ವೇಗವೂ ತಿಳಿಯದು. ಆಕಾಶದಲ್ಲಿ ಒಂದು ಡಿಗ್ರಿ ಅಗಲ ಕಾಣುವ ವಸ್ತು 57 ಮೀಟರ್ ದೂರದಲ್ಲಿದ್ದರೆ ಅದರ ನಿಜವಾದ ಅಗಲ ಒಂದು ಮೀಟರ್. ಅದೇ ವಸ್ತು 5.7 ಕಿಲೋಮೀಟರ್ ದೂರದಲ್ಲಿದ್ದರೆ ಅಗಲ 100 ಮೀಟರ್. ಕಣ್ಣಿಗೆ ಎರಡೂ ಒಂದೇ.

ಕಣ್ಣಿನಿಂದ ನಂಬಿಕೆಗೆ ಅರ್ಹವಾಗಿ ಅಳೆಯಬಹುದಾದದ್ದು ಕೋನ ಮಾತ್ರ. ತೋಳನ್ನು ಪೂರ್ತಿ ಚಾಚಿದಾಗ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ಕಿರುಬೆರಳಿನ ಅಗಲ ಸುಮಾರು 1 ಡಿಗ್ರಿ. ಹುಣ್ಣಿಮೆಯ ಚಂದ್ರ ಅರ್ಧ ಡಿಗ್ರಿ. ದಿಗಂತದಿಂದ ಎಷ್ಟು ಮುಷ್ಟಿ ಮೇಲಿತ್ತು, ಎಷ್ಟು ಸೆಕೆಂಡಿನಲ್ಲಿ ಎಷ್ಟು ಮುಷ್ಟಿ ಸರಿಯಿತು ಎಂದು ಬರೆದರೆ ಅದನ್ನು ಯಾರು ಬೇಕಾದರೂ ಮುಂದೆ ಪರಿಶೀಲಿಸಬಹುದು.

ಅಮೆರಿಕದ ರಕ್ಷಣಾ ಇಲಾಖೆ 2020ರ ಏಪ್ರಿಲ್‌ನಲ್ಲಿ ಅಧಿಕೃತವಾಗಿ ಬಿಡುಗಡೆ ಮಾಡಿದ ನೌಕಾಪಡೆಯ ಮೂರು ವಿಡಿಯೊಗಳಲ್ಲಿ 'ಗೋಫಾಸ್ಟ್' ಎಂಬುದೂ ಒಂದು. ಅದರಲ್ಲಿ ಬಿಳಿಯ ಚುಕ್ಕೆಯೊಂದು ಸಮುದ್ರದ ಮೇಲ್ಮೈಗೆ ತಾಗಿದಂತೆ ಅತಿ ವೇಗವಾಗಿ ಧಾವಿಸುವಂತೆ ತೋರುತ್ತದೆ. ಪರದೆಯ ಮೇಲೆಯೇ ಇರುವ ವಿಮಾನದ ಎತ್ತರ, ಕ್ಯಾಮೆರಾದ ಕೋನ ಮತ್ತು ದೂರದ ಅಂಕಿಗಳನ್ನು ಹಿಡಿದು ನಾಸಾದ ಸ್ವತಂತ್ರ ಅಧ್ಯಯನ ತಂಡವು 2023ರಲ್ಲಿ ಲೆಕ್ಕ ಹಾಕಿತು. ವಸ್ತು ಇದ್ದದ್ದು ಸಮುದ್ರದಿಂದ ಸುಮಾರು 13,000 ಅಡಿ ಮೇಲೆ; ಅದರ ವೇಗ ಗಂಟೆಗೆ ಸುಮಾರು 64 ಕಿಲೋಮೀಟರ್, ಎಂದರೆ ಆ ಎತ್ತರದ ಗಾಳಿಯ ವೇಗಕ್ಕೆ ಹೊಂದುವಂಥದ್ದು. ಧಾವಿಸುತ್ತಿದ್ದದ್ದು ಚಿತ್ರೀಕರಿಸಿದ ವಿಮಾನ. ನೋಡುವವನ ಚಲನೆಯಿಂದ ವಸ್ತುವಿಗೆ ಇಲ್ಲದ ಚಲನೆ ತೋರುವ ಇದಕ್ಕೆ ದೃಷ್ಟಿಪಲ್ಲಟ ಎನ್ನುತ್ತಾರೆ. ಚಲಿಸುವ ಕಾರು ಅಥವಾ ರೈಲಿನಿಂದ ಕಂಡ ಬೆಳಕಾದರೆ ಇದನ್ನು ಮೊದಲು ನೆನಪಿಸಿಕೊಳ್ಳಿ.

ನಿಂತಲ್ಲೇ ನಿಂತು ನೋಡಿದರೂ ಒಂದು ಅಪಾಯವಿದೆ. ಕಗ್ಗತ್ತಲಿನಲ್ಲಿ ಒಂಟಿ ಬೆಳಕನ್ನು ದಿಟ್ಟಿಸುತ್ತಿದ್ದರೆ ಅಚಲವಾಗಿರುವ ಆ ಬೆಳಕು ಅತ್ತಿತ್ತ ಸರಿದಂತೆ ಭಾಸವಾಗುತ್ತದೆ. ಕಂಬದ ಅಥವಾ ಮನೆಯ ಸೂರಿನ ಅಂಚಿಗೆ ಹೊಂದಿಸಿಕೊಂಡು ನೋಡಿದರೆ ನಿಜವಾಗಿ ಸರಿಯುತ್ತಿದೆಯೇ ಇಲ್ಲವೇ ಎಂಬುದು ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ.

ಹಂತ 4: ಪರಿಚಿತ ಕಾರಣಗಳನ್ನು ಒಂದೊಂದಾಗಿ ಪರಿಶೀಲಿಸಿ

ಮೊದಲು ಗ್ರಹ ಮತ್ತು ನಕ್ಷತ್ರಗಳು. ಇದನ್ನು ಕೀಳಾಗಿ ಕಾಣಬೇಡಿ; ತರಬೇತಿ ಪಡೆದ ಕಣ್ಣುಗಳೂ ಇಲ್ಲಿ ಮೋಸಹೋಗಿವೆ. 2012ರ ಆಗಸ್ಟ್‌ನಿಂದ 2013ರ ಫೆಬ್ರವರಿಯವರೆಗೆ ಲಡಾಖ್‌ನ ಗಡಿಯಲ್ಲಿ ನಮ್ಮ ಸೇನೆ ಗುರುತಿಸಲಾಗದ ಹೊಳೆಯುವ ವಸ್ತುಗಳನ್ನು 329 ಬಾರಿ ಕಂಡದ್ದಾಗಿ ದಾಖಲಿಸಿತ್ತು, ಅವು ಚೀನಾದ ಡ್ರೋನ್‌ಗಳಿರಬಹುದೆಂಬ ಆತಂಕವೂ ಇತ್ತು. ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳ ನೆರವು ಪಡೆದು ಪರಿಶೀಲಿಸಿದಾಗ ಅವು ಗುರು ಮತ್ತು ಶುಕ್ರ ಗ್ರಹಗಳೆಂದು ತಿಳಿಯಿತು. ಎತ್ತರದ ತಿಳಿ ಗಾಳಿಯಲ್ಲಿ ಗ್ರಹಗಳು ಅಷ್ಟು ಪ್ರಖರವಾಗಿ ಬೆಳಗುತ್ತವೆ. ಇದನ್ನು ನೀವೂ ಪರೀಕ್ಷಿಸಬಹುದು: ನಕ್ಷತ್ರಗಳು ದಿನದಿಂದ ದಿನಕ್ಕೆ ಸುಮಾರು 4 ನಿಮಿಷ ಬೇಗ ಉದಯಿಸುತ್ತವೆ, ಗ್ರಹಗಳೂ ಹೆಚ್ಚುಕಡಿಮೆ ಅವುಗಳ ಜೊತೆಗೇ ಸಾಗುತ್ತವೆ. ನಿಮ್ಮ ಬೆಳಕು ಮರುದಿನವೂ ಅದೇ ಜಾಗಕ್ಕೆ ತುಸು ಮುಂಚಿತವಾಗಿ ಬಂದರೆ, ಹುಡುಕಾಟ ಅಲ್ಲಿಗೆ ಮುಗಿಯಿತು.

ಉಪಗ್ರಹಗಳು ಮುಸ್ಸಂಜೆಯ ನಂತರದ ಮತ್ತು ಮುಂಜಾವಿಗೆ ಮುಂಚಿನ ಒಂದೆರಡು ತಾಸಿನಲ್ಲಿ ಹೆಚ್ಚು ಕಾಣುತ್ತವೆ. ಸಾಲಾಗಿ ಸಾಗುವ ಹತ್ತಾರು ಬೆಳಕುಗಳು ಎಂದ ಕೂಡಲೇ ಸ್ಟಾರ್‌ಲಿಂಕ್ ಉಪಗ್ರಹಗಳನ್ನು ಪರಿಶೀಲಿಸಿ. 2019ರ ಮೇ ತಿಂಗಳಿಂದ ಅವು ಗೊಂಚಲುಗಳಲ್ಲಿ ಉಡಾವಣೆಯಾಗುತ್ತಿವೆ. ಉಲ್ಕೆ ಕೆಲವು ಸೆಕೆಂಡುಗಳಲ್ಲಿ ಮುಗಿಯುತ್ತದೆ. ಅದಕ್ಕಿಂತ ನಿಧಾನವಾಗಿ, ಚೂರುಚೂರಾಗಿ ಉರಿಯುತ್ತ ಸಾಗಿದರೆ ರಾಕೆಟ್ಟಿನ ಅವಶೇಷ ವಾಯುಮಂಡಲಕ್ಕೆ ಮರಳಿದ್ದಿರಬೇಕು. 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರ ಮತ್ತು ಮಧ್ಯಪ್ರದೇಶಗಳ ಮೇಲೆ ಕಂಡದ್ದು ಚೀನಾದ ರಾಕೆಟ್ಟಿನ ಅಂಥ ಅವಶೇಷ. ಅದರ ದೊಡ್ಡ ಲೋಹದ ಉಂಗುರವೊಂದು ಚಂದ್ರಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ಬಿತ್ತು. ಹೀಗೆ ಬಿದ್ದದ್ದನ್ನು ಮುಟ್ಟಬೇಡಿ. ವಿಷಕಾರಿ ಇಂಧನದ ಶೇಷ ಇರಬಹುದು, ಪೊಲೀಸರಿಗೆ ತಿಳಿಸಿ.

ಬಲೂನುಗಳ ವಿಷಯದಲ್ಲಿ ಉತ್ತರ ಕರ್ನಾಟಕದವರು ವಿಶೇಷ ಗಮನ ಕೊಡಬೇಕು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನು ಕೇಂದ್ರ ಹೈದರಾಬಾದಿನಲ್ಲಿದೆ. ಅಲ್ಲಿಂದ ಹಾರುವ ಬೃಹತ್ ವೈಜ್ಞಾನಿಕ ಬಲೂನುಗಳು ವಾಯುಮಂಡಲದ ಮೇಲ್ಪದರಕ್ಕೆ ಏರಿ, ಗಾಳಿಯ ದಿಕ್ಕಿಗೆ ತೇಲುತ್ತ ನಮ್ಮ ಜಿಲ್ಲೆಗಳ ಕಡೆಗೂ ಬರುತ್ತವೆ. 2025ರ ಜನವರಿಯಲ್ಲಿ ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಇಂಥ ಒಂದು ಬಲೂನು ಇಳಿದು ಊರವರು ಗಾಬರಿಯಾಗಿದ್ದರು. ಸೂರ್ಯ ಮುಳುಗಿದ ಮೇಲೂ ಅಷ್ಟು ಎತ್ತರದಲ್ಲಿ ಬಿಸಿಲಿರುವುದರಿಂದ ಬಲೂನು ಕತ್ತಲ ಆಕಾಶದಲ್ಲಿ ಬೆಳಗುತ್ತ ನಿಂತಂತೆ ಕಾಣುತ್ತದೆ. ಹವಾಮಾನ ಇಲಾಖೆಯೂ ಬೆಂಗಳೂರು, ಮಂಗಳೂರು ಮೊದಲಾದ ಕೇಂದ್ರಗಳಿಂದ ಸಣ್ಣ ಬಲೂನುಗಳನ್ನು ನಿಯತವಾಗಿ ಹಾರಿಬಿಡುತ್ತದೆ.

ವಿಮಾನ ಮತ್ತು ಡ್ರೋನ್‌ಗಳ ಬಗ್ಗೆ ಒಂದು ಎಚ್ಚರಿಕೆ: ಫ್ಲೈಟ್‌ರೇಡಾರ್24ರಲ್ಲಿ ಕಾಣಲಿಲ್ಲ ಎಂದರೆ ಅಲ್ಲಿ ವಿಮಾನವಿರಲಿಲ್ಲ ಎಂದಲ್ಲ. ತಮ್ಮ ಸ್ಥಾನವನ್ನು ರೇಡಿಯೊ ಸಂಕೇತದಿಂದ ತಾವೇ ಸಾರುವ ವಿಮಾನಗಳು ಮಾತ್ರ ಅದರಲ್ಲಿ ಕಾಣುತ್ತವೆ, ಸೇನಾ ವಿಮಾನಗಳು ಹಲವು ಬಾರಿ ಸಾರುವುದಿಲ್ಲ. ಯಲಹಂಕ ಮತ್ತು ಬೀದರ್ ವಾಯುನೆಲೆಗಳ ಸುತ್ತ, ಚಳ್ಳಕೆರೆ ಬಳಿಯ ಡಿಆರ್‌ಡಿಒ ಪರೀಕ್ಷಾ ವಲಯದ ಸುತ್ತ ಇರುವವರು ಇದನ್ನು ಮರೆಯಬಾರದು. 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ಹೊಲದಲ್ಲಿ ಬಿದ್ದ 'ತಪಸ್' ಮಾನವರಹಿತ ವಿಮಾನ ಚಳ್ಳಕೆರೆಯ ಪರೀಕ್ಷೆಯದ್ದೇ. ಕ್ಷಿಪಣಿ ಪರೀಕ್ಷೆಗೆ ಮುಂಚೆ ನೋಟಾಮ್ ಹೊರಡುತ್ತದೆ. ಇಂಥ ದಿನ ಇಂಥ ವಾಯುಪ್ರದೇಶಕ್ಕೆ ಬರಬೇಡಿ ಎಂದು ವೈಮಾನಿಕರಿಗೆ ಕೊಡುವ ಸಾರ್ವಜನಿಕ ಸೂಚನೆ ಅದು. 2022ರ ಡಿಸೆಂಬರ್ 15ರ ಸಂಜೆ ಈಶಾನ್ಯ ರಾಜ್ಯಗಳವರೂ ಕಂಡು ಬೆರಗಾದ ಬೆಳಕಿನ ಜಾಡು ಅಗ್ನಿ-5ರ ಪರೀಕ್ಷೆಯದ್ದಾಗಿತ್ತು.

ಹಂತ 5: ಬೇರೆ ಸಾಕ್ಷಿಗಳನ್ನು ಒಬ್ಬೊಬ್ಬರಾಗಿ ಮಾತನಾಡಿಸಿ

ಕಂಡವರನ್ನೆಲ್ಲ ಒಂದೆಡೆ ಕೂರಿಸಿ ಕೇಳಿದರೆ ಅರ್ಧ ಗಂಟೆಯಲ್ಲಿ ಎಲ್ಲರ ನೆನಪೂ ಗಟ್ಟಿ ದನಿಯವರ ನೆನಪಾಗಿಬಿಡುತ್ತದೆ. ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ, ಸಾಧ್ಯವಾದರೆ ಅವರು ನಿಂತಿದ್ದ ಜಾಗದಲ್ಲೇ ಮಾತನಾಡಿಸಿ. 'ಅದು ತ್ರಿಕೋನವಾಗಿತ್ತೇ' ಎಂದು ಕೇಳದೆ 'ಏನು ಕಂಡಿತು, ಹೇಳಿ' ಎಂದು ಕೇಳಿ. ಬೇರೆಯವರ ವಿಡಿಯೊ ತೋರಿಸುವುದು ಎಲ್ಲ ಮುಗಿದ ಮೇಲೆ. ಎರಡು ಕಿಲೋಮೀಟರ್ ಅಂತರದಲ್ಲಿದ್ದ ಇಬ್ಬರು ಒಂದೇ ಕ್ಷಣದಲ್ಲಿ ನೋಡಿದ ದಿಕ್ಕುಗಳು ಸಿಕ್ಕರೆ, ನಕ್ಷೆಯ ಮೇಲೆ ಎರಡು ಗೆರೆ ಎಳೆದು ಅವು ಸೇರುವಲ್ಲಿ ದೂರವನ್ನೂ ಪಡೆಯಬಹುದು. ಗುರು, ಶುಕ್ರದಷ್ಟು ದೂರದ ವಸ್ತುವಾದರೆ ಗೆರೆಗಳು ಸೇರುವುದೇ ಇಲ್ಲ, ಸಮಾನಾಂತರವಾಗಿರುತ್ತವೆ.

ಅನುಮತಿಯಿಲ್ಲದೆ ಯಾರ ಹೆಸರನ್ನೂ ಪ್ರಕಟಿಸಬೇಡಿ. ಕಂಡದ್ದನ್ನು ಹೇಳಿದ ಒಂದೇ ಕಾರಣಕ್ಕೆ ಊರಿನಲ್ಲಿ ನಗೆಪಾಟಲಾದವರು ಇದ್ದಾರೆ, ಮತ್ತು ಅವರಲ್ಲಿ ಹೆಚ್ಚಿನವರು ಪ್ರಾಮಾಣಿಕರು. ಗುರುತಿಸುವಲ್ಲಿ ತಪ್ಪುವುದಕ್ಕೂ ಸುಳ್ಳು ಹೇಳುವುದಕ್ಕೂ ಬಹಳ ಅಂತರವಿದೆ.

ಹಂತ 6: ಪ್ರಕರಣಕ್ಕೆ ಒಂದು ದರ್ಜೆ ಕೊಡಿ

ಇಷ್ಟಾದ ಮೇಲೆ ಫ್ರಾನ್ಸ್‌ನ ಬಾಹ್ಯಾಕಾಶ ಸಂಸ್ಥೆಯಡಿ ತುಲೂಸ್ ನಗರದಲ್ಲಿ ಕೆಲಸ ಮಾಡುವ ಗೈಪಾನ್ ಎಂಬ ಘಟಕದ ಪದ್ಧತಿಯನ್ನು ಅನುಸರಿಸುವಂತೆ ಸಲಹೆ ಮಾಡುತ್ತೇನೆ. 1977ರಲ್ಲಿ ಬೇರೆ ಹೆಸರಿನಿಂದ ಆರಂಭವಾದ ಈ ಘಟಕ 2007ರಿಂದ ತನ್ನ ಕಡತಗಳನ್ನು ಎಲ್ಲರಿಗೂ ತೆರೆದಿಟ್ಟಿದೆ. ಖಚಿತವಾಗಿ ಗುರುತಿಸಿದ್ದು ಎ, ಬಹುಶಃ ಗುರುತಿಸಿದ್ದು ಬಿ, ಮಾಹಿತಿ ಸಾಲದೆ ಗುರುತಿಸಲಾಗದ್ದು ಸಿ, ಒಳ್ಳೆಯ ಮಾಹಿತಿ ಇದ್ದೂ ತನಿಖೆಯ ನಂತರ ಗುರುತಿಸಲಾಗದ್ದು ಡಿ. ಸಿ ಮತ್ತು ಡಿ ನಡುವಿನ ಈ ಗೆರೆ ಬಹು ಮುಖ್ಯ. ಮಸುಕು ವಿಡಿಯೊವೊಂದು ಗುರುತಿಗೆ ಸಿಗದಿದ್ದರೆ ಅದು ರಹಸ್ಯವಲ್ಲ, ಬರೀ ಸಾಕ್ಷ್ಯದ ಕೊರತೆ.

ಡಿ ದರ್ಜೆಯವು ಕೆಲವೇ, ಆದರೆ ಇವೆ. ಅಮೆರಿಕದ ವಾಯುಪಡೆ 1952ರಿಂದ 1969ರವರೆಗೆ ನಡೆಸಿದ 'ಬ್ಲೂ ಬುಕ್' ಯೋಜನೆಯ ಅಂತಿಮ ಲೆಕ್ಕದಲ್ಲಿ 12,618 ವರದಿಗಳ ಪೈಕಿ 701 ಗುರುತಿಸದೆ ಉಳಿದವು. ಅವನ್ನು ಮುಚ್ಚುಮರೆಯಿಲ್ಲದೆ 'ಗೊತ್ತಿಲ್ಲ' ಎನ್ನುವುದೇ ಸರಿ. ಅವನ್ನು ಅನ್ಯಗ್ರಹದವರ ಲೆಕ್ಕಕ್ಕೆ ಹಾಕುವುದೂ ತಪ್ಪು, ಕಂಡವರ ಭ್ರಮೆಯ ಲೆಕ್ಕಕ್ಕೆ ಹಾಕುವುದೂ ತಪ್ಪು.

ಹಂತ 7: ಈಗಾಗಲೇ ತೆರೆದಿರುವ ಕಡತಗಳನ್ನು ಮೊದಲು ಓದಿ

ಇಲ್ಲಿಂದ ಎರಡನೆಯ ಪ್ರಶ್ನೆ ಆರಂಭವಾಗುತ್ತದೆ. ಮುಚ್ಚಿಟ್ಟಿದ್ದಾರೆ ಎಂದು ಕೂಗುವ ಎಷ್ಟೋ ದಾಖಲೆಗಳು ವರ್ಷಗಳಿಂದ ಸಾರ್ವಜನಿಕವಾಗಿಯೇ ಇವೆ. ಬ್ಲೂ ಬುಕ್ ಕಡತಗಳು ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಬ್ರಿಟನ್ನಿನ ರಕ್ಷಣಾ ಇಲಾಖೆ ತನ್ನ ಯುಎಫ್‌ಒ ವಿಭಾಗವನ್ನು 2009ರಲ್ಲಿ ಮುಚ್ಚಿ, 2008ರಿಂದ 2013ರ ನಡುವೆ ಕಡತಗಳನ್ನು ಕಂತುಗಳಲ್ಲಿ ಅಲ್ಲಿನ ಪತ್ರಾಗಾರದ ಮೂಲಕ ಬಿಡುಗಡೆ ಮಾಡಿತು. ಅಮೆರಿಕದಲ್ಲಿ 2022ರಲ್ಲಿ ಸ್ಥಾಪನೆಯಾದ ಆರೋ ಎಂಬ ರಕ್ಷಣಾ ಇಲಾಖೆಯ ಕಚೇರಿ 2024ರ ಮಾರ್ಚ್‌ನಲ್ಲಿ ಐತಿಹಾಸಿಕ ವರದಿ ಪ್ರಕಟಿಸಿ, ಯಾವುದೇ ಸರ್ಕಾರಿ ತನಿಖೆಯೂ ಅನ್ಯಗ್ರಹದ ತಂತ್ರಜ್ಞಾನವನ್ನು ದೃಢಪಡಿಸಿದ ಪುರಾವೆ ಸಿಕ್ಕಿಲ್ಲ ಎಂದಿತು. ಇದನ್ನು ಒಪ್ಪದವರೂ ಮೊದಲು ಅದನ್ನು ಓದಬೇಕು. ಯಾವ ಯಾವ ಗೌಪ್ಯ ಯೋಜನೆಗಳನ್ನು ಜನ ಬೇರೇನೋ ಎಂದು ತಿಳಿದರು ಎಂಬ ವಿವರ ಅದರಲ್ಲಿದೆ.

ಗೌಪ್ಯತೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಯಲು ಯು-2 ಬೇಹುಗಾರಿಕಾ ವಿಮಾನದ ಕಥೆಗಿಂತ ಒಳ್ಳೆಯ ಪಾಠವಿಲ್ಲ. ಸಾಮಾನ್ಯ ವಿಮಾನಗಳು 10,000ದಿಂದ 20,000 ಅಡಿಯಲ್ಲಿ ಹಾರುತ್ತಿದ್ದ 1950ರ ದಶಕದ ನಡುಭಾಗದಲ್ಲಿ ಅದು 60,000 ಅಡಿಗಿಂತ ಮೇಲೆ ಹಾರುತ್ತಿತ್ತು. ಸಂಜೆ ಕೆಳಗೆ ಕತ್ತಲಾದ ಮೇಲೂ ಅದರ ರೆಕ್ಕೆಗಳ ಮೇಲೆ ಬಿಸಿಲು ಬಿದ್ದು ಹೊಳೆಯುತ್ತಿತ್ತು, ಕಂಡವರು ವರದಿ ಮಾಡುತ್ತಿದ್ದರು. ಬ್ಲೂ ಬುಕ್ ತನಿಖಾಧಿಕಾರಿಗಳು ಹಾರಾಟದ ದಾಖಲೆಯೊಡನೆ ತಾಳೆ ನೋಡಿ ಕಾರಣ ಕಂಡುಕೊಂಡರೂ ಅದನ್ನು ಬರೆದು ತಿಳಿಸುವಂತಿರಲಿಲ್ಲ ಎಂದು ಆ ವಿಮಾನಗಳನ್ನು ಹಾರಿಸುತ್ತಿದ್ದ ಅಮೆರಿಕದ ಬೇಹುಗಾರಿಕಾ ಸಂಸ್ಥೆ ಸಿಐಎಯ ಸ್ವಂತ ಇತಿಹಾಸವೇ ಹೇಳುತ್ತದೆ. ಆ ವರ್ಷಗಳ ವರದಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇಂಥ ಹಾರಾಟಗಳದ್ದು ಎಂಬ ಸಿಐಎ ಲೆಕ್ಕವನ್ನು ಒಪ್ಪದ ಸಂಶೋಧಕರಿದ್ದಾರೆ. ಆದರೆ ಪ್ರಾಮಾಣಿಕವಾಗಿ ಕೇಳಿದ ನಾಗರಿಕರಿಗೆ ತಪ್ಪು ಉತ್ತರ ಕೊಡಲಾಯಿತು ಎಂಬುದು ಸಣ್ಣ ಸಂಗತಿಯಲ್ಲ. ಅಪನಂಬಿಕೆಯ ಬೇರು ಅಲ್ಲಿದೆ.

ಹಂತ 8: ಮಾಹಿತಿ ಹಕ್ಕಿನಡಿ ಅರ್ಜಿ ಸಲ್ಲಿಸಿ

2005ರ ಮಾಹಿತಿ ಹಕ್ಕು ಕಾಯ್ದೆಯಡಿ ನೀವು ಕೇಳಬಹುದಾದದ್ದು ಕಚೇರಿಯ ಬಳಿ ಇರುವ ದಾಖಲೆಯನ್ನು, ಅಧಿಕಾರಿಯ ಅಭಿಪ್ರಾಯವನ್ನಲ್ಲ. 'ಭಾರತ ಸರ್ಕಾರಕ್ಕೆ ಅನ್ಯಗ್ರಹ ಜೀವಿಗಳ ಬಗ್ಗೆ ಗೊತ್ತಿದೆಯೇ' ಎಂದು ಕೇಳಿದರೆ ಅರ್ಜಿ ವ್ಯರ್ಥ. ಪ್ರಶ್ನೆಯಲ್ಲಿ ದಿನ, ಸ್ಥಳ, ದಾಖಲೆಯ ಹೆಸರು ಇರಬೇಕು. ಉದಾಹರಣೆಗೆ, 2023ರ ನವೆಂಬರ್ 19ರಂದು ಇಂಫಾಲ ವಿಮಾನ ನಿಲ್ದಾಣದ ಬಳಿ ಗುರುತಿಸಲಾಗದ ವಸ್ತು ಕಂಡು ಹಾರಾಟ ನಿಲ್ಲಿಸಲಾಯಿತು, ವಾಯುಪಡೆ ಹುಡುಕಾಟಕ್ಕೆ ರಫೇಲ್ ಯುದ್ಧವಿಮಾನಗಳನ್ನು ಕಳುಹಿಸಿತು. ಈ ಪ್ರಕರಣಕ್ಕೆ ಅರ್ಜಿ ಹೀಗಿರಬಹುದು: 'ದಿನಾಂಕ 19.11.2023ರಂದು ಇಂಫಾಲ ವಿಮಾನ ನಿಲ್ದಾಣದಲ್ಲಿ ವಿಮಾನ ಸಂಚಾರವನ್ನು ತಾತ್ಕಾಲಿಕವಾಗಿ ಸ್ಥಗಿತಗೊಳಿಸಿದ ಆದೇಶದ ಪ್ರತಿ. ಆ ದಿನದ ವಾಯು ಸಂಚಾರ ನಿಯಂತ್ರಣ ಕಚೇರಿಯ ದಿನಚರಿಯ ಸಂಬಂಧಿತ ಪುಟಗಳ ದೃಢೀಕೃತ ಪ್ರತಿ. ಸ್ಥಗಿತ ಮತ್ತು ಪುನರಾರಂಭದ ವೇಳೆ.' ಇದು ಹೋಗಬೇಕಾದದ್ದು ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ.

ಕೇಂದ್ರ ಕಚೇರಿಗಳಿಗೆ ಶುಲ್ಕ 10 ರೂಪಾಯಿ, ಪ್ರತಿ ಪುಟಕ್ಕೆ 2 ರೂಪಾಯಿ; ಆನ್‌ಲೈನಿನಲ್ಲಿಯೂ ಸಲ್ಲಿಸಬಹುದು. ಉತ್ತರಕ್ಕೆ 30 ದಿನಗಳ ಅವಧಿ. ತಪ್ಪಾದ ಕಚೇರಿಗೆ ಹೋದರೆ ಐದು ದಿನಗಳೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸುವುದು ಅವರ ಹೊಣೆ. ಕರ್ನಾಟಕದ ಪೊಲೀಸ್ ಅಥವಾ ಜಿಲ್ಲಾಡಳಿತವನ್ನು ಕೇಳುವುದಾದರೆ ರಾಜ್ಯದ ನಿಯಮ ಬೇರೆ: ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಇದನ್ನು ಮೀರಿದ ಅರ್ಜಿಗಳು ಆ ಒಂದೇ ಕಾರಣಕ್ಕೆ ಹಿಂದಿರುಗುತ್ತವೆ. ಕನ್ನಡದಲ್ಲಿ ಬರೆಯುವುದು ನಿಮ್ಮ ಹಕ್ಕು, ಆದರೆ ದೆಹಲಿಯ ಕಚೇರಿಗಾದರೆ ಇಂಗ್ಲಿಷ್ ಪ್ರತಿಯನ್ನೂ ಲಗತ್ತಿಸುವುದರಿಂದ ಸಮಯ ಉಳಿಯುತ್ತದೆ.

ನಿರಾಕರಣೆ ಬಂದಾಗ ಸೆಕ್ಷನ್ ಸಂಖ್ಯೆಯನ್ನು ನೋಡಿ. ಸೆಕ್ಷನ್ 8(1)(ಎ) ಎಂದರೆ ದೇಶದ ಭದ್ರತೆ, ಸಾರ್ವಭೌಮತೆಯ ಕಾರಣ. ಸೆಕ್ಷನ್ 24 ಎಂದರೆ ಆ ಸಂಸ್ಥೆಯೇ ಕಾಯ್ದೆಯ ಹೊರಗಿದೆ ಎಂದು. ಗುಪ್ತಚರ ದಳ, ಡಿಆರ್‌ಡಿಒ, ಇಂಡೋ-ಟಿಬೆಟನ್ ಗಡಿ ಪೊಲೀಸ್ ಮೊದಲಾದವು ಆ ಪಟ್ಟಿಯಲ್ಲಿವೆ, ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪಗಳನ್ನು ಬಿಟ್ಟು ಬೇರೆ ಮಾಹಿತಿ ಕೊಡಬೇಕಿಲ್ಲ. ಭೂಸೇನೆ, ವಾಯುಪಡೆಗಳು ಆ ಪಟ್ಟಿಯಲ್ಲಿಲ್ಲ. ಸೂಕ್ಷ್ಮ ಭಾಗವನ್ನು ತೆಗೆದು ಉಳಿದದ್ದನ್ನು ಕೊಡಿ ಎಂದು ಸೆಕ್ಷನ್ 10ರಡಿ ಒತ್ತಾಯಿಸಬಹುದು. ಪ್ರಥಮ ಮೇಲ್ಮನವಿಗೆ 30 ದಿನ, ಮಾಹಿತಿ ಆಯೋಗಕ್ಕೆ ದ್ವಿತೀಯ ಮೇಲ್ಮನವಿಗೆ 90 ದಿನ ಅವಕಾಶವಿದೆ. ಮೊದಲ ನಿರಾಕರಣೆಯ ಪತ್ರ ಹಿಡಿದು 'ಮುಚ್ಚಿಡುತ್ತಿದ್ದಾರೆ' ಎಂದು ಪ್ರಚಾರ ಮಾಡಿ ಮೇಲ್ಮನವಿಯ ಅವಧಿಯನ್ನು ಕಳೆದುಕೊಳ್ಳುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ದಾಖಲೆ ಪಡೆಯುವ ದಾರಿ ಅಲ್ಲಿಂದ ಮುಂದೆಯೇ ಇರುತ್ತದೆ.

ಅಮೆರಿಕದ ದಾಖಲೆ ಬೇಕಾದರೆ ಅಲ್ಲಿನ ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ಯಾವ ದೇಶದ ಪ್ರಜೆಯೂ ಅರ್ಜಿ ಹಾಕಬಹುದು. ಅಲ್ಲಿ ನೆಲೆಸಿದ ಕನ್ನಡಿಗರಷ್ಟೇ ಅಲ್ಲ, ಹಾವೇರಿಯಲ್ಲಿ ಕುಳಿತವರೂ. ಉತ್ತರಕ್ಕೆ 20 ಕೆಲಸದ ದಿನಗಳೆಂದು ಕಾನೂನಿದ್ದರೂ ವಾಸ್ತವದಲ್ಲಿ ಹೆಚ್ಚು ಕಾಲ ಹಿಡಿಯುತ್ತದೆ. ಅಲ್ಲಿಂದ 'ಇದೆ ಎಂದೂ ಹೇಳುವುದಿಲ್ಲ, ಇಲ್ಲ ಎಂದೂ ಹೇಳುವುದಿಲ್ಲ' ಎಂಬ ಉತ್ತರ ಬಂದರೆ ಅದನ್ನು ಗ್ಲೋಮಾರ್ ಉತ್ತರ ಎನ್ನುತ್ತಾರೆ. ಮುಳುಗಿದ ಸೋವಿಯತ್ ಜಲಾಂತರ್ಗಾಮಿಯನ್ನು ಮೇಲೆತ್ತಲು ಸಿಐಎ ಬಳಸಿದ ಹಡಗಿನಿಂದ ಬಂದ ಹೆಸರದು. ಅದನ್ನು ಒಪ್ಪಿಗೆ ಎಂದು ಓದಬಾರದು.

ಹಂತ 9: ಕೈಗೆ ಬಂದ ದಾಖಲೆಯನ್ನು ತೂಗಿ ನೋಡಿ

ಪ್ರತಿ ದಾಖಲೆಗೂ ಎರಡು ಪ್ರಶ್ನೆ ಕೇಳಿ: ಕಾಗದ ಅಸಲಿಯೇ? ಅಸಲಿಯಾದರೆ ಅದರಲ್ಲಿ ಬರೆದದ್ದು ಬರೆದವರಿಗೆ ಹೇಗೆ ಗೊತ್ತಾಯಿತು?

ಅಸಲಿಯಲ್ಲದ್ದಕ್ಕೆ ಉದಾಹರಣೆ, ಅನ್ಯಗ್ರಹದ ವಾಹನಗಳನ್ನು ಪರಿಶೀಲಿಸಲು ಅಮೆರಿಕದಲ್ಲಿ ರಹಸ್ಯ ಸಮಿತಿ ಇತ್ತೆನ್ನುವ 'ಮೆಜೆಸ್ಟಿಕ್-12' ಕಾಗದಗಳು. 1980ರ ದಶಕದಲ್ಲಿ ಹೊರಬಂದ ಇವನ್ನು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ನಕಲಿ ಎಂದು ದಾಖಲಿಸಿತು. ಅದರಲ್ಲಿನ ಅಧ್ಯಕ್ಷ ಟ್ರೂಮನ್ ಅವರ ಸಹಿ 1947ರ ಅಕ್ಟೋಬರ್ 1ರ ಅಸಲಿ ಪತ್ರವೊಂದರ ಸಹಿಯೊಡನೆ ಗೆರೆಗೆ ಗೆರೆ ಹೊಂದುತ್ತಿತ್ತು. ಯಾರೂ ಎರಡು ಬಾರಿ ಅಷ್ಟು ಒಂದೇ ರೀತಿ ಸಹಿ ಹಾಕಲಾರರು. ಅಸಲಿಯಾದರೂ ಭಾರವಿಲ್ಲದ್ದಕ್ಕೆ ಉದಾಹರಣೆ 1950ರ ಮಾರ್ಚ್ 22ರ ಎಫ್‌ಬಿಐ ಟಿಪ್ಪಣಿ. ನ್ಯೂ ಮೆಕ್ಸಿಕೋದಲ್ಲಿ ಮೂರು ಹಾರುವ ತಟ್ಟೆಗಳು ಸಿಕ್ಕವು ಎಂದು ಅದರಲ್ಲಿದೆ. ಆದರೆ ಬರೆದ ಅಧಿಕಾರಿಗೆ ಅದು ಮೂರನೆಯ ಬಾಯಿಂದ ಬಂದ ಸುದ್ದಿ, ಸಂಸ್ಥೆ ಅದನ್ನು ತನಿಖೆಯೇ ಮಾಡಲಿಲ್ಲ. 2023ರ ಜುಲೈ 26ರಂದು ಅಮೆರಿಕದ ಸಂಸತ್ ಸಮಿತಿಯ ಮುಂದೆ ಮಾಜಿ ಗುಪ್ತಚರ ಅಧಿಕಾರಿ ಡೇವಿಡ್ ಗ್ರಷ್ ಕೊಟ್ಟ ಪ್ರಮಾಣಪೂರ್ವಕ ಹೇಳಿಕೆಗೂ ಇದೇ ಅಳತೆ ಅನ್ವಯಿಸುತ್ತದೆ: ಪತನಗೊಂಡ ವಾಹನಗಳ ಬಗ್ಗೆ ಅವರು ಹೇಳಿದ್ದು ಇತರರಿಂದ ತಿಳಿದದ್ದು. ಪ್ರಮಾಣ ಮಾಡಿ ಹೇಳಿದರೂ ಕೇಳಿದ ಮಾತು ಕಂಡದ್ದಾಗುವುದಿಲ್ಲ.

ಇಲ್ಲದ ದಾಖಲೆಗೂ ಅರ್ಥ ಹುಡುಕುವ ಮುನ್ನ ನಿಧಾನಿಸಿ. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿಯು 1995ರಲ್ಲಿ ರಾಸ್ವೆಲ್ ದಾಖಲೆಗಳನ್ನು ಹುಡುಕಿದಾಗ ಆ ಕಾಲದ ವಾಯುನೆಲೆಯ ಹೊರಹೋದ ಸಂದೇಶಗಳು ನಾಶವಾಗಿದ್ದವು; ಯಾರು, ಯಾವಾಗ, ಯಾರ ಆದೇಶದಿಂದ ನಾಶಮಾಡಿದರು ಎಂಬ ನಮೂದು ಸಿಗಲಿಲ್ಲ. ಇದು ಗಂಭೀರ ಲೋಪ, ಹಾಗೆಂದೇ ಬರೆಯಬೇಕು. ಅದಕ್ಕಿಂತ ಹೆಚ್ಚು ಬರೆಯಲು ಅದರಲ್ಲಿ ಆಧಾರವಿಲ್ಲ. ಮಸಿ ಬಳಿದ ಸಾಲುಗಳ ಪಕ್ಕದಲ್ಲಿ ವಿನಾಯಿತಿಯ ಸಂಖ್ಯೆ ಇರುತ್ತದೆ. ಅಮೆರಿಕದ ದಾಖಲೆಗಳಲ್ಲಿ 6 ಎಂದರೆ ವ್ಯಕ್ತಿಯ ಖಾಸಗಿತನ, 1 ಎಂದರೆ ರಾಷ್ಟ್ರೀಯ ಭದ್ರತೆ. ಎಷ್ಟೋ ಕಪ್ಪು ಪಟ್ಟಿಗಳ ಕೆಳಗಿರುವುದು ಸಾಕ್ಷಿಯ ಹೆಸರು ಮತ್ತು ವಿಳಾಸ ಮಾತ್ರ.

ಕಾನೂನಿನ ಎಚ್ಚರಿಕೆಯನ್ನೂ ಇಲ್ಲಿ ಹೇಳಬೇಕು. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ಸೇನಾ ನೆಲೆಗಳ ಬೇಲಿಯ ಬಳಿ ಕ್ಯಾಮೆರಾ ಹಿಡಿದು ನಿಲ್ಲಬೇಡಿ, ಡ್ರೋನ್ ಹಾರಿಸಬೇಡಿ. ಸೋರಿಕೆಯಾದದ್ದು ಎಂದು ಯಾರಾದರೂ ಕಾಗದ ಕೊಡಲು ಬಂದರೆ ವಕೀಲರನ್ನು ಕೇಳದೆ ಮುಟ್ಟಬೇಡಿ.

ಹಂತ 10: ವರದಿ ಬರೆಯಿರಿ

ವರದಿಯಲ್ಲಿ ಎರಡು ಭಾಗಗಳಿರಲಿ. ಮೊದಲನೆಯದರಲ್ಲಿ ವೀಕ್ಷಣೆ, ಅಳತೆ, ಪರಿಶೀಲಿಸಿದ ಕಾರಣಗಳು, ಕೊಟ್ಟ ದರ್ಜೆ. ಎರಡನೆಯದರಲ್ಲಿ ಯಾವ ಕಚೇರಿಯನ್ನು ಯಾವ ದಿನ ಏನು ಕೇಳಿದಿರಿ, ಏನು ಸಿಕ್ಕಿತು, ಏನನ್ನು ಯಾವ ಸೆಕ್ಷನ್ ಅಡಿ ನಿರಾಕರಿಸಿದರು. ತಳ್ಳಿಹಾಕಿದ ಕಾರಣಗಳನ್ನೂ ಏಕೆ ತಳ್ಳಿಹಾಕಿದಿರಿ ಎಂಬುದರೊಡನೆ ಬರೆಯಿರಿ. ಮೂಲ ವಿಡಿಯೊ, ಅರ್ಜಿಯ ಪ್ರತಿ, ಉತ್ತರದ ಪ್ರತಿಗಳನ್ನು ಸಾಕ್ಷಿಗಳ ಹೆಸರು, ವಿಳಾಸ ಮರೆಮಾಡಿ ಜೊತೆಗಿಡಿ; ನಿಮ್ಮ ಲೆಕ್ಕವನ್ನು ಬೇರೊಬ್ಬರು ಮತ್ತೆ ಮಾಡಿ ನೋಡುವಂತಿರಬೇಕು. ಮೇಲ್ಮನವಿ ಬಾಕಿ ಇದ್ದರೆ ಅದರ ಸಂಖ್ಯೆಯನ್ನು ವರದಿಯ ಕೊನೆಯಲ್ಲಿ ನಮೂದಿಸಿ, ಆದೇಶ ಬಂದ ದಿನ ದರ್ಜೆಯನ್ನು ಮರುಪರಿಶೀಲಿಸಿ, ಬದಲಾದರೆ ಹಳೆಯದನ್ನು ಅಳಿಸದೆ ಅದರ ಕೆಳಗೆ ಹೊಸದನ್ನು ದಿನಾಂಕ ಸಹಿತ ಸೇರಿಸಿ.